ಹತ್ತನೇದು

ಮತ ಹಾಕಿ ಆಮೇಲೆ ಪರಿತಪಿಸುವುದು ಈ ದೇಶದಲ್ಲಿ ಹೊಸದಲ್ಲ. ಆದರೆ ನಾನು ಮೂವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ ಮತ ಎಂಪಿಗೆ ಹಾಕಿದ್ದೂ ಅಲ್ಲ, ಎಂಎಲ್‌ಎಗೆ ಹಾಕಿದ್ದೂ ಅಲ್ಲ. ಒಂದು ಸಿನಿಮಾಕ್ಕೆ ಹಾಕಿದ್ದು. ಅದೂ ನಾನು ನೋಡದೇ ಇದ್ದ ಸಿನಿಮಾಕ್ಕೆ.

1991ರ ಸೆಪ್ಟೆಂಬರ್. ಸಾಗರದಲ್ಲಿ ನಮ್ಮದೊಂದು ಪುಟ್ಟ ಫಿಲ್ಮ್ ಸೊಸೈಟಿ ಇತ್ತು. ಪಕ್ಕದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಅಡಿಕೆ ಸುಲಿಯುವ ಜನರನ್ನೂ ಕೂರಿಸಿ ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’, ಕುರೊಸಾವಾನ ‘ರಾಶೊಮಾನ್’ ತೋರಿಸಿದ ಸೀಮೆ ಅದು. ಆ ವರ್ಷ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತ್ತು. ಆ ಬಿಸಿ ಎಂಟು ಕಿಲೋಮೀಟರು ಈಚೆಗಿದ್ದ ನಮಗೂ ತಟ್ಟಿ, ನಾವೂ ಏನಾದರೂ ಮಾಡಬೇಕೆಂದು ಕೈ ತುರಿಸತೊಡಗಿತು. ರಾಜ್ಯೋತ್ಸವಕ್ಕೆ ಹತ್ತು ದಿನ, ಹತ್ತು ಚಿತ್ರ. ಕನ್ನಡದ ಶ್ರೇಷ್ಠ ಹತ್ತು.

ನನಗಾಗ ಇಪ್ಪತ್ತನಾಲ್ಕು. ಅಕ್ಷರ ಗುಂಡಗಿದೆ ಮತ್ತು ಮದುವೆಯಾಗಿಲ್ಲ ಎಂಬ ಎರಡು ಅರ್ಹತೆಯ ಮೇಲೆ ಕಾರ್ಯದರ್ಶಿ ಮಾಡಿದ್ದರು. ಕಾರ್ಯದರ್ಶಿ ಎಂದರೆ ಪುಣೆಯ ಫಿಲ್ಮ್ ಆರ್ಕೈವಿಗೆ ಕಾಗದ ಬರೆಯುವವನು, ಬಸ್‌ಸ್ಟ್ಯಾಂಡಿನಿಂದ ರೀಲಿನ ಡಬ್ಬಿ ಹೊತ್ತು ತರುವವನು, ಜಮಖಾನ ಹಾಸುವವನು, ಕೊನೆಗೆ ಮಡಚುವವನೂ ಅವನೇ. ಆದರೂ ಆ ಪದವಿ ನನ್ನ ತಲೆಗೇರಿತ್ತು. ಗೊದಾರ್‌ನ ಒಂದೇ ಒಂದು ಚಿತ್ರ ನೋಡದೆ ಗೊದಾರ್ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲವನಾಗಿದ್ದೆ.

ಡಾಕ್ಟರ ಮನೆಯ ಮಹಡಿಯಲ್ಲಿ ಒಂದು ಭಾನುವಾರ ಬೆಳಗ್ಗೆ ಹತ್ತಕ್ಕೆ ಸೇರಿದೆವು. ಡಾಕ್ಟರೇ ಅಧ್ಯಕ್ಷರು. ನಿವೃತ್ತ ಸಂಸ್ಕೃತ ಮೇಷ್ಟ್ರು, ವಿಮೆ ಭಟ್ಟರು, ಕಾಲೇಜಿನ ಇಂಗ್ಲಿಷ್ ಮೇಡಂ, ಬಸ್‌ಸ್ಟ್ಯಾಂಡ್ ಎದುರಿನ ಟೈಲರು, ಅಡಿಕೆ ಮಂಡಿಯ ಗುಮಾಸ್ತರು, ಚಿತ್ರದುರ್ಗದಿಂದ ವರ್ಗವಾಗಿ ಬಂದ ಇಂಜಿನಿಯರು, ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಹುಡುಗ, ನಾನು. ಒಟ್ಟು ಒಂಬತ್ತು ಮತ. ಹತ್ತನೆಯವರೊಬ್ಬರು ಬಾಗಿಲ ಹತ್ತಿರ ನೆಲದಲ್ಲಿ ಕೂತು ನಮ್ಮ ಹಳೇ 16 ಎಂಎಂ ಪ್ರೊಜೆಕ್ಟರಿಗೆ ಎಣ್ಣೆ ಬಿಡುತ್ತಿದ್ದರು. ಊರಿನ ಟಾಕೀಸಿನ ಆಪರೇಟರು. ಎಲ್ಲರ ಬಾಯಲ್ಲೂ ಅವರು ಆಪರೇಟ್ರು. ಅವರು ಸದಸ್ಯರಲ್ಲ. ಚಂದಾ ಕೊಟ್ಟವರಿಗೆ ಮತ, ಚಿತ್ರ ಓಡಿಸುವವರಿಗೆ ಚಾ.

ಡಾಕ್ಟರು ಬೇಗ ಮುಗಿಸುವ ಉಪಾಯ ಹೇಳಿದರು. “ರಾಷ್ಟ್ರಪತಿ ಸ್ವರ್ಣಕಮಲ ಬಂದವು ನಾಲ್ಕಿವೆ. ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’. ಅವನ್ನು ಮೊದಲು ಬರ್ಕೊ. ಆರಕ್ಕೆ ಮಾತ್ರ ಜಗಳ ಆಡೋಣ.”

“ಹಾಗಾದ್ರೆ ನಾವ್ಯಾಕೆ ಸೇರಿದ್ದು? ಉಳಿದಿದ್ದನ್ನೂ ದೆಹಲಿಯಿಂದಲೇ ತರಿಸ್ಕೊಳ್ಳೋಣ” ಎಂದರು ಮೇಡಂ. ಅವರ ಚೀಲದಲ್ಲಿ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1982ರಲ್ಲಿ ವಿಮರ್ಶಕರನ್ನು ಕೇಳಿ ಮಾಡಿದ ಪಟ್ಟಿಯ ಜೆರಾಕ್ಸ್ ಇತ್ತು. ಹತ್ತು ವರ್ಷಕ್ಕೊಮ್ಮೆ ಮಾಡುವ ಪಟ್ಟಿ. 1952ರ ಮೊದಲ ಸಲ ‘ಬೈಸಿಕಲ್ ಥೀವ್ಸ್’ ಮೇಲೆ ಕೂತಿತ್ತು. ಆಗ ಆ ಚಿತ್ರಕ್ಕೆ ಬರೀ ನಾಲ್ಕು ವರ್ಷ. 1962ರಲ್ಲಿ ಬಂದು ಕೂತ ‘ಸಿಟಿಜನ್ ಕೇನ್’ ಅಲ್ಲಿಯವರೆಗೂ ಎದ್ದಿರಲಿಲ್ಲ. ಮೇಡಂ ಹೇಳುತ್ತಿದ್ದರೆ ನಾನು ತಲೆದೂಗುತ್ತಿದ್ದೆ. ‘ಸಿಟಿಜನ್ ಕೇನ್’ ಕೂಡ ನಾನು ನೋಡಿರಲಿಲ್ಲ, ಇಷ್ಟು ಹೇಳಿದ ಮೇಲೆ ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಕೊನೆಗೆ ಡಾಕ್ಟರ ನಾಲ್ಕೂ ಪಟ್ಟಿ ಸೇರಿದವು. ಪ್ರಶಸ್ತಿಗಾಗಿ ಅಲ್ಲ, ಚಿತ್ರಕ್ಕಾಗಿ ಎಂದು ನಡಾವಳಿ ಪುಸ್ತಕದಲ್ಲಿ ಬರೆಯಬೇಕೆಂದು ಮೇಡಂ ಹಟ ಹಿಡಿದರು. ಬರೆದೆ. ‘ಸಂಸ್ಕಾರ’ವನ್ನು ಮೊದಲು ಸೆನ್ಸಾರಿನವರೇ ತಡೆದಿದ್ದರು, ಆಮೇಲೆ ಅದಕ್ಕೇ ದೇಶದ ಅತ್ಯುತ್ತಮ ಚಿತ್ರವೆಂಬ ಪದಕ ಸಿಕ್ಕಿತು ಎಂದು ಭಟ್ಟರು ನೆನಪಿಸಿ, “ಪ್ರಶಸ್ತಿ ನಂಬಬಾರದು ಅನ್ನೋದಕ್ಕೂ ಅದೇ ಸಾಕ್ಷಿ, ನಂಬಬೇಕು ಅನ್ನೋದಕ್ಕೂ ಅದೇ” ಎಂದು ಕಣ್ಣು ಮಿಟುಕಿಸಿದರು. ವಿಮೆಯವರು ಎರಡೂ ಕಡೆಯ ಮಾತಾಡಬಲ್ಲರು.

ಅಷ್ಟರಲ್ಲಿ ಸಂಸ್ಕೃತ ಮೇಷ್ಟ್ರು ಎದ್ದು ನಿಂತರು. “ಶ್ರೇಷ್ಠ ಅಂದ್ಮೇಲೆ ಆದಿಯದ್ದು ಇರ್ಬೇಡ್ವೇನಯ್ಯಾ? ‘ಸತಿ ಸುಲೋಚನ’ ಬರ್ಕೊ.” 1934ರಲ್ಲಿ ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಿನಲ್ಲಿ ಸೋದರಮಾವನ ಹೆಗಲ ಮೇಲೆ ಕೂತು ಕನ್ನಡದ ಆ ಮೊದಲ ಟಾಕಿಯನ್ನು ಅವರು ನೋಡಿದ್ದರಂತೆ. ಸುಬ್ಬಯ್ಯ ನಾಯ್ಡು ಇಂದ್ರಜಿತ್, ನಾಗೇಂದ್ರರಾಯರು ರಾವಣ. ಮೇಷ್ಟ್ರು ಮಹಡಿಯಲ್ಲೇ ರಾವಣನಾದರು. ಶಾಲು ಎಡಗೈಗೆ ಸುತ್ತಿಕೊಂಡು ಎರಡು ಹೆಜ್ಜೆ ಇಟ್ಟ ಆ ಠೀವಿಗೆ ಆಪರೇಟ್ರು ಎಣ್ಣೆ ಬುಡ್ಡಿ ಕೆಳಗಿಟ್ಟು ನೋಡಿದರು.

“ಪ್ರಿಂಟ್ ಎಲ್ಲಿ ಸಿಗುತ್ತೆ ಮೇಷ್ಟ್ರೇ?” ಡಾಕ್ಟರು ಕೇಳಿದರು.

ಎಲ್ಲೂ ಸಿಗುವುದಿಲ್ಲ. ‘ಸತಿ ಸುಲೋಚನ’ದ ಪ್ರಿಂಟು ಉಳಿದಿಲ್ಲ. ಒಬ್ಬರೇ ನೋಡಿದ, ಇನ್ನು ಯಾರೂ ನೋಡಲಾಗದ ಚಿತ್ರವನ್ನು ಏನು ಮಾಡುವುದು? ಅರ್ಧ ಗಂಟೆ ತಿಕ್ಕಾಡಿ ಒಂದು ನಿಯಮ ಮಾಡಿದೆವು. ಸದಸ್ಯರು ತಾವು ಕಣ್ಣಾರೆ ನೋಡದ ಚಿತ್ರಕ್ಕೆ ಮತ ಹಾಕತಕ್ಕದ್ದಲ್ಲ. ಮೇಷ್ಟ್ರ ಚಿತ್ರ ಒಂದೇ ಮತಕ್ಕೆ ಬಿತ್ತು. ನಿಯಮವನ್ನು ನಡಾವಳಿಯಲ್ಲಿ ಗುಂಡಗೆ ಬರೆದವನು ನಾನೇ.

ಪ್ರೆಸ್ಸಿನ ಹುಡುಗನ ಸರದಿ ಬಂದಾಗ ಮಾತು ಮೆತ್ತಗಾಯಿತು. ಶಂಕರ್ ನಾಗ್ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡು ಆ ತಿಂಗಳ ಮೂವತ್ತಕ್ಕೆ ವರ್ಷ ತುಂಬುವುದಿತ್ತು. ಹುಡುಗ ‘ಮಿಂಚಿನ ಓಟ’ ಅಂದ, ‘ಆಕ್ಸಿಡೆಂಟ್’ ಅಂದ. ಆ ಎರಡನೇ ಹೆಸರು ಹೇಳುವಾಗ ಅವನಿಗೇ ಗಂಟಲು ಕಟ್ಟಿತು. ಎದುರು ಮಾತಾಡುವುದು ಹೇಗೆ? ಮೇಡಂ ಜಾಣತನದಿಂದ ‘ಒಂದಾನೊಂದು ಕಾಲದಲ್ಲಿ’ ಎಂದರು. ನಿರ್ದೇಶನ ಗಿರೀಶ್ ಕಾರ್ನಾಡರದು, ಆದರೆ ಶಂಕರ್ ನಾಗ್ ಬೆಳ್ಳಿತೆರೆಗೆ ಬಂದದ್ದೇ ಅದರಿಂದ. “ನಮ್ಮಣ್ಣ ಇದಾನಲ್ಲ, ಸಾಕು” ಎಂದು ಹುಡುಗ ಕೂತ.

ಪುಟ್ಟಣ್ಣ ಕಣಗಾಲರಲ್ಲಿ ಯಾವುದು ಎಂಬುದಕ್ಕೆ ಒಂದೂವರೆ ಗಂಟೆ ಹೋಯಿತು. ಇಂಜಿನಿಯರು ‘ನಾಗರಹಾವು’ ಎಂದರು. ಆದರೆ ಮಾತೆಲ್ಲ ಚಿತ್ರದುರ್ಗದ ಕೋಟೆಯದ್ದೇ, ಚಿತ್ರದ್ದಲ್ಲ. ಯಾವ ಬಂಡೆಯ ಮೇಲೆ ರಾಮಾಚಾರಿ ನಿಂತಿದ್ದ, ಅದರಾಚೆ ತಮ್ಮ ಅಜ್ಜಿಮನೆ ಎಷ್ಟು ದೂರ. ಟೈಲರಿಗೆ ‘ಗೆಜ್ಜೆಪೂಜೆ’. ಎಪ್ಪತ್ತರ ದಶಕದಲ್ಲಿ ಊರಿನ ಅರ್ಧ ಹೆಂಗಸರು ಕಲ್ಪನಾ ತೋಳಿನ ರವಿಕೆ ಹೊಲಿಸಿಕೊಂಡದ್ದು ಅವರ ಮಿಷನ್ನಿನಲ್ಲೇ. “ಆ ತೋಳಿಂದ ನನ್ನ ತಂಗಿ ಮದುವೆ ಆಯ್ತು ಸಾರ್” ಎಂದರು. ಶ್ರೇಷ್ಠತೆಗೆ ಇದಕ್ಕಿಂತ ಗಟ್ಟಿ ಆಧಾರವನ್ನು ನಾನು ಆಮೇಲೂ ಕೇಳಿಲ್ಲ. ಮೇಡಂ ‘ಶರಪಂಜರ’ ಎಂದರು. ವಾಸಿಯಾಗಿ ಆಸ್ಪತ್ರೆಯಿಂದ ಬಂದ ಕಾವೇರಿಯನ್ನು ಮನೆಯವರು, ನೆರೆಯವರು, ಆಳುಕಾಳು ಎಲ್ಲ ಸೇರಿ ಮತ್ತೆ ಹುಚ್ಚಿಯಾಗಿಸುವ ಕತೆ. “ಕಾವೇರಿಗೆ ರೋಗ ಇದ್ದದ್ದು ಮೊದಲ ಸಲ ಮಾತ್ರ” ಎಂದು ಮೇಡಂ ತಣ್ಣಗೆ ಹೇಳಿದಾಗ ಡಾಕ್ಟರು ಯಾಕೋ ಕಿಟಕಿ ಕಡೆ ತಿರುಗಿದರು. ‘ಶರಪಂಜರ’ ಗೆದ್ದಿತು.

‘ಹಂಸಗೀತೆ’, ‘ಕಾಡು’ ಹೆಚ್ಚು ತಕರಾರಿಲ್ಲದೆ ಬಂದವು. ಸಿದ್ದಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’ ಬಂದಾಗ ಮಂಡಿ ಗುಮಾಸ್ತರು ಅಷ್ಟು ಹೊತ್ತು ತಡೆದುಕೊಂಡಿದ್ದದ್ದನ್ನು ಹೊರಹಾಕಿದರು.

“ಒಂಬತ್ತಾಯ್ತು. ಒಂದರಲ್ಲೂ ರಾಜಕುಮಾರ್ ಇಲ್ಲ. ಕನ್ನಡದ ಪಟ್ಟಿ ಅಂತೆ! ಊಟಕ್ಕೆ ಕರೆದು ಅನ್ನ ಬಡಿಸದೆ ಕಳ್ಸಿದ ಹಂಗಾಯ್ತು ಇದು.”

ಮಹಡಿ ಸ್ತಬ್ಧವಾಯಿತು. ಅದು ಯಾರಿಗೂ ಹೊಳೆದಿರಲಿಲ್ಲ ಎಂದೇನಲ್ಲ. ಎಲ್ಲರೂ ಗಮನಿಸಿದ್ದರು, ಮತ್ತು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದರು. ಗುಮಾಸ್ತರು ಹೇಳಿದ ಚಿತ್ರ ‘ಬಂಗಾರದ ಮನುಷ್ಯ’. 1972ರಲ್ಲಿ ತೆರೆಕಂಡು ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷದ ಹತ್ತಿರ ಓಡಿದ ಚಿತ್ರ.

ಅದಕ್ಕೆ ಎದುರಾಗಿ ಮೇಡಂ ಎನ್. ಲಕ್ಷ್ಮೀನಾರಾಯಣ್ ಅವರ ‘ಅಬಚೂರಿನ ಪೋಸ್ಟಾಫೀಸು’ ಇಟ್ಟರು. ಮಾತು ಬಿಸಿಯೇರಿತು. ಸಿದ್ದಲಿಂಗಯ್ಯನವರದು ಒಂದು ಬಂತಲ್ಲ ಎಂದು ಇಂಜಿನಿಯರು. ನಾಯಕನನ್ನು ದೇವರು ಮಾಡುವ ಚಿತ್ರ, ಅಳಿಸಲಿಕ್ಕೇ ಹೆಣೆದದ್ದು ಎಂದು ಡಾಕ್ಟರು. ಅಳು ಬಂದರೆ ತಪ್ಪೇನು, ನಿಮ್ಮ ‘ಚೋಮನ ದುಡಿ’ ನೋಡಿ ನಗು ಬಂತೇ ಎಂದು ಗುಮಾಸ್ತರು. ಭಟ್ಟರಿಗೆ ಬೇಸರವಾಗಿ, ಕುಚೋದ್ಯಕ್ಕೆ, ಬಾಗಿಲ ಕಡೆ ತಿರುಗಿ, “ಏನ್ ಆಪರೇಟ್ರೇ, ನೀವೇನು ಹೇಳ್ತೀರಿ ಮಾರಾಯ್ರೆ?” ಎಂದರು.

ಆಪರೇಟ್ರು ಕೈ ಒರೆಸಿಕೊಂಡರು.

“ನಂಗೆ ನಿಮ್ಮ ಹಂಗೆ ಗೊತ್ತಾಗಲ್ಲ ಸಾರ್. ನಾನು ಕಿಂಡಿಯಿಂದ ನೋಡೋನು. ನಾಲ್ಕನೇ ಆಟ ಆದ್ಮೇಲೆ ಪಿಕ್ಚರ್ ನೋಡಲ್ಲ, ಜನರ ತಲೆ ನೋಡ್ತೀನಿ. ಯಾವ ರೀಲಿಗೆ ಎಷ್ಟು ಜನ ಬೀಡಿ ಸೇದಕ್ಕೆ ಎದ್ರು ಅನ್ನೋದು ನನ್ನ ಲೆಕ್ಕ. ‘ಬಂಗಾರದ ಮನುಷ್ಯ’ ಎಷ್ಟು ಸಲ ಬಂದ್ರೂ ಕೊನೇ ರೀಲಿಗೆ ಒಬ್ಬ ಎದ್ದಿದ್ದು ನಾ ಕಂಡಿಲ್ಲ. ಕ್ಯಾಂಟೀನ್ ಹುಡುಗನೇ ಒಳಗೆ ಬಂದು ನಿಂತಿರ್ತಿದ್ದ. ಆ ಪ್ರಿಂಟಲ್ಲಿ ಎಷ್ಟು ಜಾಯಿಂಟು ಅಂತೀರಿ! ಮಳೆ ಸುರೀತಿತ್ತು ಪರದೆ ಮೇಲೆ. ಆದ್ರೂ ಯಾರೂ ಶಿಳ್ಳೆ ಹಾಕಿ ಬೈಲಿಲ್ಲ.”

ಆಗ ಪ್ರಿಂಟು ಊರೂರು ಸುತ್ತಿದಷ್ಟೂ ಕುಳ್ಳಾಗುತ್ತಿತ್ತು. ಹರಿದ ಕಡೆ ಒಂದೆರಡು ಫ್ರೇಮು ಕತ್ತರಿಸಿ ಅಂಟಿಸಬೇಕಿತ್ತು. ಬೆಂಗಳೂರಿನವರು ನೋಡಿದ ಚಿತ್ರವನ್ನು ತಾಲ್ಲೂಕಿನವರು ನೋಡುವ ಹೊತ್ತಿಗೆ ಯಾರದೋ ಅರ್ಧ ಮಾತು, ಯಾವುದೋ ತಿರುಗಿದ ಕತ್ತು ಕಸದ ಬುಟ್ಟಿಗೆ ಹೋಗಿರುತ್ತಿತ್ತು. ಆ ತುಂಡುಗಳನ್ನು ಹೆಕ್ಕಿ, ಹಳೆಯ ಬಲ್ಬಿಗೆ ನೀರು ತುಂಬಿ ಬಿಸಿಲಲ್ಲಿ ಗೋಡೆಗೆ ಬಿಡುತ್ತಿದ್ದ ಹುಡುಗರಲ್ಲಿ ನಾನೂ ಒಬ್ಬ.

“ಹತ್ರಲ್ಲಿ ಅದನ್ನ ಸೇರಿಸೋದಾದ್ರೆ ಹೇಳಿ ಸಾರ್. ನಿಮ್ಮ ಈ ಸಣ್ಣ ಮಿಷನ್ ಬೇಡ. ನಮ್ಮ ಟಾಕೀಸಲ್ಲೇ ಬೆಳಗಿನ ಆಟಕ್ಕೆ ಹಾಕ್ಬೋದು. ಮಾಲೀಕ್ರನ್ನ ನಾನು ಕೇಳ್ತೀನಿ.” ಇಷ್ಟು ಹೇಳಿ, ಮ್ಯಾಟಿನಿಗೆ ಹೊತ್ತಾಯಿತೆಂದು ಸೈಕಲ್ ಹತ್ತಿ ಹೋದರು. ಡಾಕ್ಟರ ಮನೆಯಲ್ಲಿ ಅಪ್ಪೆಹುಳಿ, ಹಲಸಿನ ಹಪ್ಪಳದ ಊಟ. ಊಟವಾದ ಮೇಲೆ ಚೀಟಿ.

‘ಬಂಗಾರದ ಮನುಷ್ಯ’ವನ್ನು ನಾನು ನೋಡಿದ್ದು ಒಂಬತ್ತನೇ ವಯಸ್ಸಿನಲ್ಲಿ, ನಮ್ಮೂರ ಗದ್ದೆಬಯಲಿನಲ್ಲಿ ಡೇರೆ ಹಾಕಿದ್ದ ಟೂರಿಂಗ್ ಟಾಕೀಸಿನಲ್ಲಿ. ನೆಲಕ್ಕೆ ಟಿಕೆಟು. ಅಪ್ಪ ಮೂರೂವರೆ ಎಕರೆಯ ರೈತ, ಮನೆಯಲ್ಲಿ ಮಾತು ಕಡಿಮೆ. ಕೊನೆಯಲ್ಲಿ ನಾಯಕ ರಾಜೀವ, ತಾನೇ ಕಟ್ಟಿ ನಿಲ್ಲಿಸಿದ ಮನೆಯ ಒಂದು ಮಾತಿಗೆ ನೊಂದು, ಎಲ್ಲವನ್ನೂ ಬಿಟ್ಟು ಹೊರಟನಲ್ಲ, ಆಗ ಅಪ್ಪ ಇದ್ದಕ್ಕಿದ್ದಂತೆ ಎದ್ದು ನಿಂತು ಪರದೆಯತ್ತ ಕೂಗಿದ: “ಹೋಗಬ್ಯಾಡ್ವೋ ಮಾರಾಯಾ! ನಿಂದೇ ಮನೆ ಅದು!” ಸುತ್ತಲಿನವರು ತಿರುಗಿ ನೋಡಿದರು. ಹಿಂದಿನಿಂದ ಯಾರೋ ನಕ್ಕರು. ಅಮ್ಮ ಅವನ ಟವೆಲ್ಲಿನ ತುದಿ ಹಿಡಿದು ಎಳೆದಳು. ನಾನು ಮೆಲ್ಲಗೆ ಸರಿದು ಬೇರೆ ಹುಡುಗರ ಗುಂಪಿನಲ್ಲಿ ಕೂತು, ಆ ಗಂಡಸು ನನಗೇನೂ ಆಗಬೇಕಾದವನಲ್ಲ ಎನ್ನುವಂತೆ ಮುಂದೆ ನೋಡಿದೆ.

ಇದು ಆ ಮಹಡಿಯಲ್ಲಿ ನನಗೆ ನೆನಪಾಯಿತೇ? ಆಯಿತು. ಚೀಟಿ ಬಿಡಿಸಿ ಎಣಿಸುವವನೂ ನಾನೇ. ನಾಲ್ಕು, ನಾಲ್ಕು. “ನಿನ್ನದೊಂದು ಬಾಕಿ” ಎಂದರು ಡಾಕ್ಟರು. ಗುಮಾಸ್ತರು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು. ಮೇಡಂ ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. ‘ಅಬಚೂರಿನ ಪೋಸ್ಟಾಫೀಸಿ’ಗೆ ಮೂಲವಾದ ತೇಜಸ್ವಿಯವರ ಕತೆ ಓದಿದ್ದೆ. ಬೋಬಣ್ಣ, ಮಾಚಮ್ಮ, ಬೇರೆಯವರ ಕಾಗದಗಳ ಮೇಲಿನ ಆಸೆ, ಎಲ್ಲ ಬಾಯಿಪಾಠ. ಸಿನಿಮಾ ಬಗ್ಗೆ ಒಂದು ಪತ್ರಿಕೆಯಲ್ಲಿ ಬಂದ ಲೇಖನವನ್ನೂ ಓದಿದ್ದೆ. “ಅದರ ಸಂಯಮವೇ ಬೇರೆ” ಎಂದು, ಲೇಖನದ್ದೇ ಪದ ಎತ್ತಿ ಹೇಳಿ, ‘ಅಬಚೂರಿನ ಪೋಸ್ಟಾಫೀಸು’ ಎಂದು ಗುಂಡಗೆ ಬರೆದೆ.

ನೋಡಿದ್ದೀಯಾ ಎಂದು ಯಾರೂ ಕೇಳಲಿಲ್ಲ. ನಿಯಮ ಬರೆದವನನ್ನು ಯಾರು ಕೇಳುತ್ತಾರೆ?

ಮುಂದಿನದು ಬೇಗ ಹೇಳುತ್ತೇನೆ. ಕಾಗದ ಬರೆದು ಬರೆದು ಕೈ ನೋವು ಬಂತೇ ಹೊರತು ಹತ್ತೂ ಪ್ರಿಂಟುಗಳು ಬರಲಿಲ್ಲ. ಕೆಲವದಕ್ಕೆ ಉತ್ತರವೇ ಇಲ್ಲ. ಇನ್ನು ಕೆಲವು ಬೇರೆ ಊರಿಗೆ ಮೊದಲೇ ಹೋಗಿದ್ದವು. ಯಾವ ದಿನ ಯಾವ ಡಬ್ಬಿ ಬರುತ್ತದೋ ತಿಳಿಯದೆ ಪಾಂಪ್ಲೆಟ್ ಅಚ್ಚು ಹಾಕಿಸುವುದನ್ನೇ ಬಿಟ್ಟು, ಆಯಾ ಸಂಜೆ ಬಾಗಿಲ ಬಳಿ ಕರೀಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಚಿತ್ರದ ಹೆಸರು ಬರೆದೆವು. ನಮ್ಮ ಮಹಡಿಯ ಜಗಳಕ್ಕೂ ಪರದೆಯ ಮೇಲೆ ಬಂದದ್ದಕ್ಕೂ ಆರಾಣೆ ಸಂಬಂಧ ಉಳಿಯಿತು. ಹತ್ತನೆಯ ದಿನದ್ದು ಬರಲೇ ಇಲ್ಲ. ಕೈಯಲ್ಲಿ ಉಳಿದಿದ್ದ ‘ಘಟಶ್ರಾದ್ಧ’ವನ್ನೇ ಎರಡನೇ ಸಲ ಹಾಕಿದೆವು.

ಗಿರೀಶ್ ಕಾಸರವಳ್ಳಿ ಆ ಚಿತ್ರ ಮಾಡಿದಾಗ ಅವರಿಗಿನ್ನೂ ಮೂವತ್ತು ಆಗಿರಲಿಲ್ಲ. ನಮ್ಮದೇ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನವರು. ಕತೆ ಬರೆದ ಅನಂತಮೂರ್ತಿಯವರೂ ಅದೇ ಮಣ್ಣಿನವರು. ಹಾಗಾಗಿ ಚಿತ್ರದ ಜಗುಲಿ, ಪಾಗಾರ, ಮಳೆಗಾಲದ ಕತ್ತಲೆ ನಮಗೆ ಪರಿಚಯ ಮಾಡಿಸಬೇಕಾದದ್ದಾಗಿರಲಿಲ್ಲ. ಎರಡನೇ ಸಲ ಎಂದು ಜನ ಬರಲಾರರು ಎಂದುಕೊಂಡಿದ್ದೆ. ಜಮಖಾನ ಸಾಲದಷ್ಟು ಬಂದರು. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಕೂತ ಯಮುನಕ್ಕನನ್ನು ಹುಡುಗ ನಾಣಿ ನೋಡುತ್ತಾನೆ. ಅವನನ್ನು ಊರಿಗೆ ಕರೆದೊಯ್ಯುತ್ತಿದ್ದಾರೆ. ಚಿತ್ರ ಮುಗಿಯಿತು. ರೀಲಿನ ಬಾಲ ಪಟಪಟ ಬಡಿಯುತ್ತಿದೆ, ಪರದೆ ಬಿಳಿ, ಆಪರೇಟ್ರು ಲೈಟ್ ಹಾಕುತ್ತಿಲ್ಲ. ಒಂದು ನಿಮಿಷವಾದರೂ ಆಗಿರಬೇಕು. “ಲೈಟ್!” ಎಂದು ಯಾರೋ ಕೂಗಿದ ಮೇಲೆ ಹಾಕಿದರು. ಡಬ್ಬಿ ಕಟ್ಟುವಾಗ ನಾನು ಸ್ವಲ್ಪ ಗತ್ತಿನಲ್ಲೇ ಕೇಳಿದೆ, ಏನಾಯ್ತು ಎಂದು.

“ಆ ಹುಡುಗ ತಿರುಗಿ ನೋಡ್ತಾನಲ್ಲ ಸಾರ್. ಕೈ ಆಡ್ಲಿಲ್ಲ” ಎಂದರು. ಒಂದು ಹೊತ್ತು ಬಿಟ್ಟು ಹೇಳಿದರು: “ಇದಕ್ಕೂ ಯಾರೂ ಏಳ್ಲಿಲ್ಲ. ನೋಡಿದ್ರಾ?”

ಇದಕ್ಕೂ. ಆ ‘ಊ’ ನನ್ನ ಕಿವಿಯಲ್ಲಿ ಉಳಿಯಿತು. ನಾವು ಒಂಬತ್ತು ಜನ ಒಂದು ದಿನವಿಡೀ ಕೂತು ಕಟ್ಟಿದ ಬೇಲಿಯ ಎರಡೂ ಕಡೆ ಅವರ ಎರಡು ಚಿತ್ರಗಳಿದ್ದವು. ಬೇಲಿ ಮಾತ್ರ ಅವರಿಗೆ ಕಂಡೇ ಇರಲಿಲ್ಲ.

ಆ ಮೇಲೆ ಸೊಸೈಟಿ ಮುಚ್ಚಿತು, ನಾನು ಕೆಲಸ ಹಿಡಿದು ಬೆಂಗಳೂರಿಗೆ ಬಂದೆ. ‘ಅಬಚೂರಿನ ಪೋಸ್ಟಾ​ಫೀಸು’ ನೋಡಿದ್ದು ಬಹಳ ವರ್ಷಗಳ ಮೇಲೆ, ಕಂಪ್ಯೂಟರಿನಲ್ಲಿ. ಒಳ್ಳೆಯ ಚಿತ್ರ. ಮೇಡಂ ಹೇಳಿದ್ದು ಸರಿಯಾಗಿಯೇ ಇತ್ತು. ಅದೇ ನನಗೆ ಇನ್ನಷ್ಟು ಕಿರಿಕಿರಿ. ಕೆಟ್ಟ ಚಿತ್ರವಾಗಿದ್ದರೆ ತಪ್ಪೊಪ್ಪಿಗೆ ಸುಲಭವಿತ್ತು.

2022 ಪಟ್ಟಿಗಳ ವರ್ಷ. ‘ಸೈಟ್ ಅಂಡ್ ಸೌಂಡ್’ನಲ್ಲಿ ಶಾಂತಾಲ್ ಅಕರ್‌ಮನ್ ಎಂಬ ಹೆಣ್ಣುಮಗಳ 1975ರ ಚಿತ್ರ ‘ಜಾನ್ ದೀಲ್ಮನ್’ ಮೊದಲ ಜಾಗಕ್ಕೆ ಬಂತು. ಮೂರು ಗಂಟೆ ಇಪ್ಪತ್ತು ನಿಮಿಷ, ಹೆಚ್ಚಿನ ಹೊತ್ತು ಒಬ್ಬ ಗೃಹಿಣಿ ಅಡುಗೆ ಮಾಡುತ್ತಾಳೆ, ಆಲೂಗಡ್ಡೆ ಹೆರೆಯುತ್ತಾಳೆ. ಮನೆಯಲ್ಲಿ ನೋಡುತ್ತ, ಇದಕ್ಕೆ ಎಷ್ಟು ಜನ ಬೀಡಿಗೆ ಏಳುತ್ತಿದ್ದರು ಎಂದು ಲೆಕ್ಕ ಹಾಕಿದೆ. ಹೆಂಗಸರ ಕಡೆಯಿಂದ ಒಬ್ಬರೂ ಏಳುತ್ತಿರಲಿಲ್ಲ ಎನ್ನಿಸಿತು. ಅದೇ ವರ್ಷ ಚಿತ್ರವಿಮರ್ಶಕರ ಒಕ್ಕೂಟ ಫಿಪ್ರೆಸ್ಕಿಯ ಭಾರತ ಘಟಕ ದೇಶದ ಸಾರ್ವಕಾಲಿಕ ಹತ್ತು ಚಿತ್ರಗಳನ್ನು ಆರಿಸಿತು. ‘ಪಥೇರ್ ಪಾಂಚಾಲಿ’ ಮೊದಲನೆಯದು. ಐದನೆಯದು ‘ಘಟಶ್ರಾದ್ಧ’. ಅದು ಈಗ ಹೊಸದಾಗಿ ಶುಚಿಗೊಂಡು 2024ರಲ್ಲಿ ವೆನಿಸ್ಸಿನ ಚಿತ್ರೋತ್ಸವದ ತನಕ ಹೋಗಿಬಂದಿದೆ. ನಮ್ಮ ಜಮಖಾನದ ಮೇಲೆ ಓಡಿದ ಪ್ರಿಂಟಿನ ಗೆರೆಗಳು ಅಲ್ಲಿ ಇರಲಿಕ್ಕಿಲ್ಲ.

2022ರ ಡಿಸೆಂಬರಿನಲ್ಲಿ ಅಪ್ಪನ ಜಮೀನಿನ ಖಾತೆ ಕೆಲಸಕ್ಕೆ ಸಾಗರಕ್ಕೆ ಹೋಗಿದ್ದೆ. ಆ ಟಾಕೀಸು ಈಗ ಇಲ್ಲ. ಆಪರೇಟ್ರು ಮಗನ ಮೊಬೈಲ್ ಅಂಗಡಿಯಲ್ಲಿ ಕೂತಿದ್ದರು. ಕೂದಲು ಪೂರ್ತಿ ಬಿಳಿ, ಗುರುತು ಹಿಡಿದರು. ನಾನು ಶುಭಸಮಾಚಾರ ತಂದವನಂತೆ ಫೋನು ತೆಗೆದು ಪಟ್ಟಿ ತೋರಿಸಿದೆ.

“ನಿಮ್ಮ ‘ಘಟಶ್ರಾದ್ಧ’ ಇಡೀ ದೇಶಕ್ಕೆ ಐದನೇದು.”

“ಮೊದಲನೇದು?”

“‘ಪಥೇರ್ ಪಾಂಚಾಲಿ’.”

“ಅದನ್ನೂ ನಿಮ್ಮ ಸಣ್ಣ ಮಿಷನ್ನಲ್ಲಿ ಓಡ್ಸಿದೀನಿ” ಎಂದು ಕನ್ನಡಕ ಏರಿಸಿಕೊಂಡು ಬೆರಳಿನಿಂದ ಪಟ್ಟಿಯನ್ನು ಕೆಳಕ್ಕೆ ಸರಿಸಿದರು. ಹತ್ತನೆಯದಕ್ಕೆ ಬಂದು ನಿಂತರು. “‘ಶೋಲೆ’! ನಮ್ಮ ರಾಮನಗರದ ‘ಶೋಲೆ’ ಹಾಕಿದಾರೆ ನೋಡಿ, ದೊಡ್ಡೋರು.” ಬಹಳ ಖುಷಿಯಾಯಿತು ಅವರಿಗೆ. ಆಮೇಲೆ ತಲೆಯೆತ್ತಿ ಕೇಳಿದರು: “ನಮ್ದು ಹತ್ತನೇದು ಯಾವ್ದಾಯ್ತು ಸಾರ್ ಕೊನೆಗೆ? ನಾನು ಮ್ಯಾಟಿನಿಗೆ ಹೋಗ್ಬಿಟ್ಟೆ ಅವತ್ತು.”

ಐವತ್ತೈದು ವರ್ಷದ ಮನುಷ್ಯ ನಾನು. ನಿಜ ಹೇಳಬಹುದಿತ್ತು.

“ನಿಮ್ಮ ಬಂಗಾರದ ಮನುಷ್ಯನೇ ಅಂತಾಗಿತ್ತು ಆಪರೇಟ್ರೇ” ಎಂದೆ. “ಪ್ರಿಂಟ್ ಸಿಗ್ಲಿಲ್ಲ.”

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು.

“ಬಂಗಾರದ ಮನುಷ್ಯನ ಪ್ರಿಂಟಾ?” ಎಂದರು. “ಅದು ಸಿಗದೇ ಇರೋ ಊರಿತ್ತಾ ಸಾರ್ ಆಗ?”

ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ. ಗಿರಾಕಿಯೊಬ್ಬ ಬಂದು ರೀಚಾರ್ಜಿಗೆ ನಂಬರು ಹೇಳತೊಡಗಿದ. ಆಪರೇಟ್ರು ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತ, ತಲೆಯೆತ್ತದೆ, ಬೈಯುವ ದನಿಯೇನೂ ಇಲ್ಲದೆ ಹೇಳಿದರು:

“ಮಾಲೀಕ್ರು ಬೆಳಗಿನ ಆಟಕ್ಕೆ ಹೂಂ ಅಂದಿದ್ರು.”